ತಾಮ್ರಫಲಕದ ಮೇಲಿನ ಕುರ್ಚಿ: ಹದಿನೆಂಟನೆಯ ಶತಮಾನದ ಪೀಠೋಪಕರಣಚಿತ್ರಗಳೂ ಅವುಗಳ ಹಿಂದಿನ ಕೈಗಳೂ

೧

ತಾಮ್ರಫಲಕವೆಂದೊಡನೆ ಕನ್ನಡ ಸಂಶೋಧನೆಯ ಪರಿಚಯವುಳ್ಳವರಿಗೆ ದಾನಶಾಸನಗಳು ನೆನಪಾಗುವುದು ಸಹಜ. ಅಕ್ಷರಗಳನ್ನು ಕೊರೆದು, ಉಂಗುರದಲ್ಲಿ ಪೋಣಿಸಿ, ಮುದ್ರೆಯಿಟ್ಟ ಆ ಹಲಗೆಗಳ ಕೊನೆಯಲ್ಲಿ ಅನೇಕ ವೇಳೆ ಬರೆದವನ ಹೆಸರೂ ಕೊರೆದವನ ಹೆಸರೂ ದೊರೆಯುತ್ತವೆ. ಈ ಲೇಖನದ ವಸ್ತು ಬೇರೊಂದು ಬಗೆಯ ತಾಮ್ರಫಲಕ. ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಕುರ್ಚಿ, ಮೇಜು, ಮಂಚ, ಪುಸ್ತಕದ ಕಪಾಟು, ಕನ್ನಡಿಯ ಚೌಕಟ್ಟು ಮೊದಲಾದವುಗಳ ಮಾದರಿಗಳನ್ನು ತಾಮ್ರದ ಮೇಲೆ ಕೊರೆದು, ಕಾಗದಕ್ಕೆ ಒತ್ತಿ, ಬಿಡಿ ಹಾಳೆಗಳಾಗಿಯೂ ಗ್ರಂಥಗಳಾಗಿಯೂ ಮಾರುವ ಪದ್ಧತಿಯು ಬಹಳವಾಗಿ ಬೆಳೆದಿದ್ದಿತು. ಆ ಕಾಲದ ಗೃಹಾಲಂಕಾರದ ಇತಿಹಾಸವನ್ನು ಬರೆಯಹೊರಟವರು ಮೊದಲು ತೆರೆಯುವುದು ಈ ಹಾಳೆಗಳನ್ನೇ.

ಈ ಹಾಳೆಗಳ ಮೇಲೆಯೂ ಹೆಸರುಗಳಿವೆ. ಆದರೆ ಯಾರ ಹೆಸರುಗಳಿವೆ, ಯಾರವು ಇಲ್ಲ ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಕಾಗದದ ಮೇಲೆ ಹೆಸರು ಕಾಣಿಸಿಕೊಂಡವರು ಇತಿಹಾಸದಲ್ಲಿ ಉಳಿದರು. ಮರದ ಮೇಲೆ ಕೈಯಿಟ್ಟು ದುಡಿದವರು ಬಹುಮಟ್ಟಿಗೆ ಮರೆಯಾದರು. ಚಿತ್ರವನ್ನು ವಸ್ತುವೆಂದು ಭಾವಿಸಿದುದರಿಂದ ಉಂಟಾದ ಈ ಅನ್ಯಾಯವನ್ನೂ, ಅದರಿಂದ ಇತಿಹಾಸದಲ್ಲಿ ನುಸುಳಿದ ತಪ್ಪುಗಳನ್ನೂ ಕೆಲವು ಖಚಿತವಾದ ನಿದರ್ಶನಗಳ ಮೂಲಕ ವಿವೇಚಿಸುವುದು ಇಲ್ಲಿಯ ಉದ್ದೇಶ.

೨

ಮೊದಲು ಈ ಚಿತ್ರಗಳು ಸಿದ್ಧವಾಗುತ್ತಿದ್ದ ಬಗೆಯನ್ನು ತಿಳಿಯಬೇಕು. ನಯಗೊಳಿಸಿದ ತಾಮ್ರದ ತಗಡಿನ ಮೇಲೆ ಚೂಪಾದ ಉಕ್ಕಿನ ಉಳಿಯಿಂದ ಗೆರೆಗಳನ್ನು ಕೊರೆಯುವುದು ಒಂದು ವಿಧಾನ. ತಗಡಿಗೆ ಮೇಣದಂತಹ ಲೇಪವನ್ನು ಬಳಿದು, ಸೂಜಿಯಿಂದ ಲೇಪವನ್ನು ಗೀರಿ, ಗೀರಿದ ಕಡೆ ಮಾತ್ರ ಆಮ್ಲವು ಲೋಹವನ್ನು ತಿನ್ನುವಂತೆ ಮಾಡುವುದು ಇನ್ನೊಂದು. ಎರಡನ್ನೂ ಒಂದೇ ಫಲಕದ ಮೇಲೆ ಬಳಸುತ್ತಿದ್ದುದೂ ಉಂಟು. ಆಮೇಲೆ ಗೆರೆಗಳಲ್ಲಿ ಮಸಿಯನ್ನು ತುಂಬಿ, ಮೇಲ್ಮೈಯನ್ನು ಒರಸಿ, ಒದ್ದೆಮಾಡಿದ ಕಾಗದವನ್ನು ಮೇಲಿಟ್ಟು ಉರುಳೆಗಳ ನಡುವೆ ಒತ್ತಿದರೆ ಚಿತ್ರವು ಕಾಗದಕ್ಕೆ ಇಳಿಯುತ್ತದೆ. ಫಲಕದಲ್ಲಿ ಎಡಕ್ಕಿದ್ದುದು ಕಾಗದದಲ್ಲಿ ಬಲಕ್ಕೆ ಬರುವುದರಿಂದ ಕೊರೆಯುವವನು ಎಲ್ಲವನ್ನೂ ತಿರುವುಮುರುವಾಗಿ ಕಲ್ಪಿಸಿಕೊಳ್ಳಬೇಕು.

ಹೀಗೆ ಮುದ್ರಿತವಾದ ಹಾಳೆಯ ಅಂಚಿನಲ್ಲಿ ಸಾಮಾನ್ಯವಾಗಿ ಲ್ಯಾಟಿನ್ ಭಾಷೆಯ ಮೂರು ಕ್ರಿಯಾಪದಗಳು ಸಂಕ್ಷಿಪ್ತರೂಪದಲ್ಲಿ ಕಾಣುತ್ತವೆ: ‘ಇನ್ವೆನಿಟ್’, ಎಂದರೆ ಕಲ್ಪಿಸಿದನು, ‘ಡೆಲಿನಿಯಾವಿಟ್’, ಎಂದರೆ ಬರೆದನು, ‘ಸ್ಕಲ್ಪ್ಸಿಟ್’, ಎಂದರೆ ಕೊರೆದನು. ಈ ಮೂರು ಪದಗಳ ಪಕ್ಕದಲ್ಲಿ ಆಯಾ ವ್ಯಕ್ತಿಗಳ ಹೆಸರುಗಳಿರುತ್ತವೆ. ಇಂಗ್ಲೆಂಡಿನಲ್ಲಿ ೧೭೩೫ರಿಂದ ಜಾರಿಗೆ ಬಂದ ಶಾಸನವೊಂದು ಇಂತಹ ಮುದ್ರಿತ ಚಿತ್ರಗಳಿಗೆ ಹದಿನಾಲ್ಕು ವರ್ಷಗಳ ರಕ್ಷಣೆಯನ್ನು ಒದಗಿಸಿತು. ಚಿತ್ರಕಾರ ವಿಲಿಯಂ ಹೋಗಾರ್ತನ ಪ್ರಯತ್ನದಿಂದ ಬಂದುದರಿಂದ ಅದು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಆ ರಕ್ಷಣೆಯನ್ನು ಪಡೆಯುವ ಸಲುವಾಗಿ ಫಲಕದ ಮೇಲೆ ಹೆಸರನ್ನೂ ಪ್ರಕಟಣೆಯ ದಿನಾಂಕವನ್ನೂ ಕೊರೆಯುವುದು ರೂಢಿಯಾಯಿತು. ಇತಿಹಾಸಕಾರನಿಗೆ ಇದಕ್ಕಿಂತ ಅನುಕೂಲವಾದ ಆಧಾರ ಬೇರೆ ಯಾವುದು? ಆದರೆ ಆ ಅಂಚಿನಲ್ಲಿ ನಾಲ್ಕನೆಯ ಕ್ರಿಯಾಪದವಿಲ್ಲ. ಮರವನ್ನು ಕೊಯ್ದು, ಕೂಡಿಸಿ, ಕೆತ್ತಿ, ನಯಗೊಳಿಸಿದವನಿಗೆ ಅಲ್ಲಿ ಸ್ಥಳವಿರಲಿಲ್ಲ.

೩

ಪೀಠೋಪಕರಣಗಳ ಶೈಲಿಯು ಕಾಗದದ ಮೂಲಕ ದೇಶದಿಂದ ದೇಶಕ್ಕೆ ಸಂಚರಿಸಿದ ಕಥೆಯಲ್ಲಿ ದೇಶಭ್ರಷ್ಟರ ಪಾತ್ರವು ಗಮನಾರ್ಹವಾದುದು. ಡೇನಿಯಲ್ ಮಾರೊ ಎಂಬುವನು ೧೬೬೧ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದವನು, ಪ್ರಾಟೆಸ್ಟಂಟ್ ಮತಾವಲಂಬಿ. ಹದಿನಾಲ್ಕನೆಯ ಲೂಯಿಯು ೧೬೮೫ರಲ್ಲಿ ಆ ಮತದವರಿಗಿದ್ದ ರಕ್ಷಣೆಯನ್ನು ರದ್ದುಪಡಿಸಿದಾಗ ಮಾರೊ ಹಾಲೆಂಡಿಗೆ ವಲಸೆ ಹೋದನು. ಅಲ್ಲಿ ಆರೆಂಜಿನ ವಿಲಿಯಮ್ಮನ ಆಶ್ರಯವನ್ನು ಪಡೆದನು. ವಿಲಿಯಮ್ಮನು ೧೬೮೯ರಲ್ಲಿ ಇಂಗ್ಲೆಂಡಿನ ಸಿಂಹಾಸನವನ್ನೇರಿದ ಮೇಲೆ ಮಾರೊವಿನ ಕಲೆಯು ಅಲ್ಲಿಗೂ ಹಬ್ಬಿತು. ತನ್ನನ್ನು ಹೊರದೂಡಿದ ಆಸ್ಥಾನದ ವೈಭವವನ್ನೇ ಅವನು ತಾಮ್ರದ ಮೇಲೆ ಕೊರೆದು ಪರದೇಶಗಳಲ್ಲಿ ಹರಡಿದನು. ತಾಯ್ನೆಲವನ್ನು ಬಿಟ್ಟುಬಂದವನು ಅದರ ಸಂಸ್ಕೃತಿಯನ್ನು ಬಿಡುವುದಿಲ್ಲ ಎಂಬುದಕ್ಕೆ ಇದೂ ಒಂದು ನಿದರ್ಶನ.

ಫ್ರಾನ್ಸಿನಲ್ಲಿಯೇ ಮುಂದಿನ ತಲೆಮಾರಿನಲ್ಲಿ ರೊಕೊಕೊ ಎಂದು ಅನಂತರ ಹೆಸರಾದ ಶೈಲಿಯು ತಲೆಯೆತ್ತಿತು. ಚಿಪ್ಪು, ಬಂಡೆ, ನೀರಿನ ತುಂತುರು, ಬಳ್ಳಿಯ ಬಳುಕುಗಳೇ ಅದರ ಜೀವಾಳ. ಎಡಬಲಗಳ ಸಮತೆಯನ್ನು ಅದು ಬೇಕೆಂದೇ ತೊರೆಯಿತು. ಇದರ ಪ್ರಮುಖರಲ್ಲೊಬ್ಬನಾದ ಜ್ಯೂಸ್ತ್-ಓರೆಲ್ ಮೆಸ್ಸೊನಿಯೆ ೧೬೯೫ರಲ್ಲಿ ಇಟಲಿಯ ಟ್ಯೂರಿನ್ನಿನಲ್ಲಿ ಜನಿಸಿ ಪ್ಯಾರಿಸಿನಲ್ಲಿ ನೆಲಸಿದವನು. ಅವನ ಕಲ್ಪನೆಗಳನ್ನು ಗಾಬ್ರಿಯೆಲ್ ಉಕಿಯೆ ಎಂಬ ಪ್ರಕಾಶಕನು ಫಲಕಗಳಾಗಿ ಹೊರತಂದನು. ಪೋಲೆಂಡಿನ ಅಧಿಕಾರಿಯಾಗಿದ್ದ ಕೌಂಟ್ ಬಿಯೆಲಿನ್‌ಸ್ಕಿಗಾಗಿ ೧೭೩೫ರಲ್ಲಿ ಮಾಡಿದುದೆಂದು ಹೇಳುವ ಒಂದು ಸೋಫಾದ ಚಿತ್ರವು ಅವುಗಳಲ್ಲಿ ಪ್ರಸಿದ್ಧವಾದುದು. ಮಾಡಿಸಿಕೊಂಡವನ ಹೆಸರನ್ನು ಆ ಫಲಕವು ಸಾರಿ ಹೇಳುತ್ತದೆ. ಮಾಡಿದವನ ವಿಷಯದಲ್ಲಿ ಮೌನವಾಗಿದೆ.

ಆದರೂ ಫ್ರಾನ್ಸಿನ ಮಟ್ಟಿಗೆ ಒಂದು ವಿಶೇಷವನ್ನು ಹೇಳಬೇಕು. ಪ್ಯಾರಿಸಿನ ಮರಗೆಲಸದವರ ಸಂಘವು ೧೭೪೩ರಲ್ಲಿ ರಚಿಸಿ, ೧೭೫೧ರಲ್ಲಿ ನ್ಯಾಯಾಲಯದ ಅಂಗೀಕಾರವನ್ನು ಪಡೆದ ನಿಯಮಗಳ ಪ್ರಕಾರ ಪ್ರತಿಯೊಬ್ಬ ಗುರುಕುಶಲಿಯೂ ತಾನು ಮಾರುವ ವಸ್ತುವಿನ ಮೇಲೆ ತನ್ನ ಹೆಸರಿನ ಉಕ್ಕಿನ ಮುದ್ರೆಯನ್ನು ಒತ್ತಬೇಕಾಗಿದ್ದಿತು. ಅರಸನ ಆಶ್ರಯದಲ್ಲಿ ಕೆಲಸ ಮಾಡುತ್ತಿದ್ದವರಿಗೆ ಮಾತ್ರ ಇದರಿಂದ ವಿನಾಯಿತಿಯಿದ್ದಿತು. ಈ ಮುದ್ರೆಯಿಂದಾಗಿ ಆ ಕಾಲದ ಎಷ್ಟೋ ಫ್ರೆಂಚ್ ಕುರ್ಚಿಗಳ ಕರ್ತೃಗಳನ್ನು ನಾವಿಂದು ಬಲ್ಲೆವು. ಮುದ್ರೆಯು ಯಜಮಾನನದೇ ಹೊರತು ಅವನ ಕೈಕೆಳಗಿನ ಆಳುಗಳದಲ್ಲವೆಂಬುದು ನಿಜ. ಆದರೂ ಅಲ್ಲಿ ಹೆಸರು ಮರದ ಮೇಲಾದರೂ ಇದ್ದಿತು. ಇಂಗ್ಲೆಂಡಿನಲ್ಲಿ ಅಂತಹ ಕಡ್ಡಾಯವಿರಲಿಲ್ಲ. ಆದ್ದರಿಂದ ಅಲ್ಲಿ ಹೆಸರು ಕಾಗದವನ್ನೇ ಆಶ್ರಯಿಸಿತು.

೪

ಲಂಡನ್ನಿನಲ್ಲಿ ರೊಕೊಕೊ ಶೈಲಿಯನ್ನು ಮೊದಲು ಕಾಗದಕ್ಕಿಳಿಸಿದವರಲ್ಲಿ ಮ್ಯಾಥಿಯಾಸ್ ಲಾಕ್ ಮುಖ್ಯನು. ಅವನು ಸ್ವತಃ ಮರದ ಕೆತ್ತನೆಗಾರ. ೧೭೪೪ರಿಂದಲೇ ಸಣ್ಣ ಸಣ್ಣ ಚಿತ್ರಸಂಪುಟಗಳನ್ನು ಪ್ರಕಟಿಸುತ್ತಿದ್ದನು. ಹೆನ್ರಿ ಕೋಪ್ಲಂಡನೊಡನೆ ಸೇರಿ ೧೭೫೨ರಲ್ಲಿ ಅಲಂಕಾರಗಳ ಹೊಸ ಪುಸ್ತಕವೊಂದನ್ನು ಹೊರತಂದನು. ಉಳಿ ಹಿಡಿದು ಪಳಗಿದ ಕೈಯೇ ಸೂಜಿಯನ್ನು ಹಿಡಿದುದರಿಂದ ಅವನ ಗೆರೆಗಳಲ್ಲಿ ಮರದ ಗುಣವು ಕಾಣುತ್ತದೆ.

ಆದರೆ ಈ ಬಗೆಯ ಸಾಹಿತ್ಯದಲ್ಲಿ ಶಿಖರಪ್ರಾಯವಾದುದು ಥಾಮಸ್ ಚಿಪ್ಪೆಂಡೇಲನ ಗ್ರಂಥ. ಯಾರ್ಕ್‌ಷೈರಿನ ಓಟ್ಲಿ ಎಂಬ ಊರಿನಲ್ಲಿ ೧೭೧೮ರಲ್ಲಿ ಹುಟ್ಟಿದ ಈತನು ಲಂಡನ್ನಿಗೆ ಬಂದು ಸೇಂಟ್ ಮಾರ್ಟಿನ್ಸ್ ಲೇನಿನಲ್ಲಿ ಅಂಗಡಿಯನ್ನಿಟ್ಟನು. ‘ದಿ ಜೆಂಟಲ್‌ಮನ್ ಅಂಡ್ ಕ್ಯಾಬಿನೆಟ್-ಮೇಕರ್ಸ್ ಡೈರೆಕ್ಟರ್’ ಎಂಬ ಅವನ ಗ್ರಂಥವು ೧೬೦ ಫಲಕಗಳೊಡನೆ ೧೭೫೪ರಲ್ಲಿ ಹೊರಬಂದಿತು. ಮರುವರ್ಷವೇ ಅದರ ಎರಡನೆಯ ಮುದ್ರಣವಾಯಿತು. ೧೭೬೨ರ ಮೂರನೆಯ ಆವೃತ್ತಿಯಲ್ಲಿ ಫಲಕಗಳ ಸಂಖ್ಯೆ ೨೦೦ಕ್ಕೆ ಏರಿತು. ಅದೇ ವರ್ಷ ಫ್ರೆಂಚ್ ಭಾಷೆಯಲ್ಲಿಯೂ ಪ್ರಕಟವಾಯಿತು. ಗ್ರಂಥದ ಹೆಸರೇ ಅದರ ಇಬ್ಬರು ಓದುಗರನ್ನು ಸೂಚಿಸುತ್ತದೆ. ಶ್ರೀಮಂತನು ಹಾಳೆಯನ್ನು ತಿರುವಿ ತನಗೆ ಬೇಕಾದುದನ್ನು ಆರಿಸಬೇಕು. ಬಡಗಿಯು ಅದನ್ನು ನೋಡಿ ಮಾಡಿಕೊಡಬೇಕು. ಮುಂಗಡವಾಗಿ ಚಂದಾ ಕೊಟ್ಟವರ ಪಟ್ಟಿಯಲ್ಲಿ ಡ್ಯೂಕರೂ ಅರ್ಲರೂ ಇದ್ದಂತೆ ಮರಗೆಲಸದವರೂ ಇದ್ದರು.

ಗ್ರಂಥದ ಆರಂಭದಲ್ಲಿ ಪ್ರಾಚೀನ ವಾಸ್ತುಶಾಸ್ತ್ರದ ಐದು ಬಗೆಯ ಕಂಬಗಳ ಪ್ರಮಾಣಗಳನ್ನು ಕೊಟ್ಟಿದೆ. ಅನಂತರ ಗಾಥಿಕ್, ಚೀನೀ ಮತ್ತು ‘ಆಧುನಿಕ’ ಎಂಬ ಮೂರು ಅಭಿರುಚಿಗಳ ವಸ್ತುಗಳು ಬರುತ್ತವೆ. ಇಲ್ಲಿ ಆಧುನಿಕವೆಂದರೆ ಪ್ಯಾರಿಸಿನಿಂದ ಬಂದ ರೊಕೊಕೊ. ವಿನೋದವೆಂದರೆ, ಲಂಡನ್ನಿನಲ್ಲಿ ಈ ಶೈಲಿಯ ಮಹಾಗ್ರಂಥವು ಪ್ರಕಟವಾದ ೧೭೫೪ರಲ್ಲಿಯೇ ಪ್ಯಾರಿಸಿನಲ್ಲಿ ಅದರ ಪರಿಹಾಸವೂ ಪ್ರಕಟವಾಯಿತು. ಕೊಷಾಂ ಎಂಬ ಚಿತ್ರಕೊರೆತಗಾರನು ‘ಮರ್ಕ್ಯೂರ್ ದ ಫ್ರಾನ್ಸ್’ ಪತ್ರಿಕೆಯ ಡಿಸೆಂಬರ್ ಸಂಚಿಕೆಯಲ್ಲಿ ಅಕ್ಕಸಾಲಿಗಳಿಗೂ ಮರದ ಕೆತ್ತನೆಗಾರರಿಗೂ ವಿನಂತಿಪತ್ರವೊಂದನ್ನು ಬರೆದು, ನೆಟ್ಟಗಿರಬೇಕಾದುದನ್ನು ದಯವಿಟ್ಟು ನೆಟ್ಟಗಿರಗೊಡಿರೆಂದು ವ್ಯಂಗ್ಯವಾಗಿ ಬೇಡಿಕೊಂಡನು.

ಚಿಪ್ಪೆಂಡೇಲನ ಫಲಕಗಳನ್ನು ಸಾವಧಾನವಾಗಿ ಪರಿಶೀಲಿಸಿದವರಿಗೆ ಒಂದು ವಿಚಿತ್ರವು ಗೋಚರವಾಗುತ್ತದೆ. ಒಂದೇ ಕುರ್ಚಿಯ ಮುಂಗಾಲುಗಳೆರಡೂ ಅನೇಕ ವೇಳೆ ಬೇರೆ ಬೇರೆ ಆಕಾರದವು. ಒಂದೇ ಮೇಜಿನ ಎಡಭಾಗದಲ್ಲಿ ಒಂದು ಬಗೆಯ ಕೆತ್ತನೆ, ಬಲಭಾಗದಲ್ಲಿ ಇನ್ನೊಂದು ಬಗೆಯದು. ಇಂತಹ ಕುರ್ಚಿಯಲ್ಲಿ ಯಾರೂ ಎಂದೂ ಕುಳಿತಿಲ್ಲ. ಕುಳಿತುಕೊಳ್ಳಲೆಂದು ಅದನ್ನು ಬರೆದುದೂ ಅಲ್ಲ. ಆಯ್ಕೆಗೆ ಅವಕಾಶವಿರಲೆಂದು ಒಂದೇ ಫಲಕದಲ್ಲಿ ಎರಡು ಸೂಚನೆಗಳನ್ನು ಕೊಟ್ಟಿದೆ. ಅಂದರೆ ಈ ಚಿತ್ರವು ಒಂದು ವಸ್ತುವಿನ ಪ್ರತಿಕೃತಿಯಲ್ಲ. ಆಗಬಹುದಾದ ಹಲವು ವಸ್ತುಗಳ ಸೂಚನೆ. ಯಾವ ಕಾಲನ್ನು ಉಳಿಸಬೇಕು, ಯಾವ ಕೆತ್ತನೆಯನ್ನು ಬಿಡಬೇಕು, ಎಲ್ಲಿ ಮರವು ಭಾರವನ್ನು ತಾಳುತ್ತದೆ, ಎಲ್ಲಿ ಬಿರಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಕೆಲಸದ ಮಣೆಯ ಮುಂದೆ ನಿಂತವನಿಗೆ ಬಿಟ್ಟುದು. ಇಂತಹ ಚಿತ್ರಗಳನ್ನು ಮರದಲ್ಲಿ ಮಾಡಲಾಗದೆಂಬ ಟೀಕೆಗೆ ಮುನ್ನುಡಿಯಲ್ಲಿ ಉತ್ತರ ಕೊಡುತ್ತ ಚಿಪ್ಪೆಂಡೇಲನು, ಪ್ರತಿಯೊಂದು ವಿನ್ಯಾಸವನ್ನೂ ಮಾಡುವಾಗ ಇನ್ನಷ್ಟು ಉತ್ತಮಗೊಳಿಸಬಹುದೆಂದು ಧೈರ್ಯವಾಗಿ ಹೇಳಿದ್ದಾನೆ. ಚಿತ್ರವು ಅಪೂರ್ಣವೆಂಬುದನ್ನು ಚಿತ್ರವನ್ನು ಪ್ರಕಟಿಸಿದವನೇ ಒಪ್ಪಿಕೊಂಡಂತಾಯಿತಲ್ಲವೆ?

ಇನ್ನು ಕೊರೆದವರ ವಿಷಯ. ಮೊದಲ ಆವೃತ್ತಿಯ ಹೆಚ್ಚಿನ ಫಲಕಗಳನ್ನು ಕೊರೆದವನು ಮ್ಯಾಥಿಯಾಸ್ ಡಾರ್ಲಿ. ಚಿಪ್ಪೆಂಡೇಲನ ಗ್ರಂಥಕ್ಕೆ ಮುಂಚೆಯೇ ಕುರ್ಚಿಗಳ ಚಿತ್ರಪುಸ್ತಕವೊಂದನ್ನು ಅವನು ತಾನೇ ಹೊರತಂದಿದ್ದನು. ಚಿಪ್ಪೆಂಡೇಲನಿಗೆ ಪ್ರತಿಸ್ಪರ್ಧಿಗಳಾಗಿ ಇನ್ಸ್ ಮತ್ತು ಮೇಹ್ಯೂ ಎಂಬಿಬ್ಬರು ೧೭೫೯ರಿಂದ ೧೭೬೨ರ ವರೆಗೆ ಹೊರತಂದ ಗ್ರಂಥದ ಫಲಕಗಳಿಗೂ ಅವನೇ ಕೊರೆತಗಾರ. ಹೀಗೆ ಒಂದೇ ಕೈಯ ಗೆರೆಯು ಎರಡು ಹೆಸರುಗಳ ಅಡಿಯಲ್ಲಿ ಹರಿದಿರುವಾಗ, ಶೈಲಿಯ ಹೋಲಿಕೆಯೊಂದನ್ನೇ ನಂಬಿ ಕರ್ತೃತ್ವವನ್ನು ನಿರ್ಣಯಿಸುವುದು ಎಷ್ಟು ಅಪಾಯಕರವೆಂಬುದನ್ನು ವಾಚಕರೇ ಊಹಿಸಬಹುದು.

೫

ಆ ಅಂಗಡಿಯಲ್ಲಿ ದುಡಿದವರ ಬಗ್ಗೆ ನಮಗೆ ದೊರೆಯುವ ಅತ್ಯಂತ ಸ್ಪಷ್ಟವಾದ ಉಲ್ಲೇಖವು ಒಂದು ದುರ್ಘಟನೆಯಿಂದ ಬಂದುದು. ೧೭೫೫ರ ಏಪ್ರಿಲಿನಲ್ಲಿ ಚಿಪ್ಪೆಂಡೇಲನ ಕಾರ್ಯಾಗಾರಕ್ಕೆ ಬೆಂಕಿ ಬಿದ್ದಿತು. ಅಲ್ಲಿ ಇಪ್ಪತ್ತೆರಡು ಮಂದಿ ಕೆಲಸಗಾರರ ಪೆಟ್ಟಿಗೆಗಳಿದ್ದುವೆಂದು ಆಗಿನ ಪತ್ರಿಕೆಯು ವರದಿ ಮಾಡಿತು. ಪೆಟ್ಟಿಗೆಯೆಂದರೆ ಉಳಿ, ಗರಗಸ, ಕೊಡತಿಗಳನ್ನಿಡುವ ಪೆಟ್ಟಿಗೆ. ಕುಶಲಕರ್ಮಿಯ ಜೀವನೋಪಾಯವೆಲ್ಲವೂ ಅದರಲ್ಲಿಯೇ. ಹಿಂದಿನ ವರ್ಷ ಪ್ರಕಟವಾದ ಗ್ರಂಥದಲ್ಲಿ ಚಂದಾದಾರರ ಹೆಸರುಗಳೆಲ್ಲವೂ ಅಚ್ಚಾಗಿವೆ. ಈ ಇಪ್ಪತ್ತೆರಡು ಮಂದಿ ಮಾತ್ರ ಬರಿಯ ಸಂಖ್ಯೆಯಾಗಿ ಉಳಿದರು. ಅದೂ ಅವರ ಪೆಟ್ಟಿಗೆಗಳ ಸಂಖ್ಯೆಯಿಂದ.

ಹೆಸರಿನ ಮೋಹವು ಇತಿಹಾಸವನ್ನು ಹೇಗೆ ದಾರಿತಪ್ಪಿಸಿತೆಂಬುದನ್ನು ಈಗ ನೋಡೋಣ. ಆ ಗ್ರಂಥದ ಚಿತ್ರಗಳನ್ನು ಹೋಲುವ ಎಲ್ಲ ಕುರ್ಚಿಗಳನ್ನೂ ‘ಚಿಪ್ಪೆಂಡೇಲ್’ ಎಂದು ಕರೆಯುವುದು ವಾಡಿಕೆಯಾಯಿತು. ಆದರೆ ಅವನ ಅಂಗಡಿಯಿಂದಲೇ ಬಂದುವೆಂದು ಖಚಿತವಾಗಿ ಹೇಳಬಹುದಾದವು ಲೆಕ್ಕಪತ್ರಗಳಿಂದ ಸಮರ್ಥಿತವಾದವುಗಳೇ: ಸ್ಕಾಟ್ಲಂಡಿನ ಡಂಫ್ರೀಸ್ ಹೌಸ್, ಯಾರ್ಕ್‌ಷೈರಿನ ನಾಸ್ಟೆಲ್ ಪ್ರಯರಿ, ಹೇರ್‌ವುಡ್ ಹೌಸ್ ಮುಂತಾದ ಮನೆಗಳಲ್ಲಿರುವ ವಸ್ತುಗಳು. ಹೇರ್‌ವುಡ್ಡಿನಲ್ಲಿರುವ, ಡಯಾನಾ ಮತ್ತು ಮಿನರ್ವಾ ದೇವಿಯರ ಚಿತ್ರಗಳುಳ್ಳ ಸೆಳೆಖಾನೆಗಳ ಪೆಟ್ಟಿಗೆಯು ಅವನ ಅಂಗಡಿಯ ಸರ್ವೋತ್ತಮ ಕೃತಿಗಳಲ್ಲೊಂದೆಂದು ಪರಿಗಣಿತವಾಗಿದೆ. ೧೭೭೩ರಲ್ಲಿ ಅದಕ್ಕೆ ೮೬ ಪೌಂಡುಗಳ ಬೆಲೆ ಹಾಕಿದುದು ಲೆಕ್ಕದಲ್ಲಿದೆ. ಬಣ್ಣಬಣ್ಣದ ತೆಳುಮರಗಳನ್ನು ಕತ್ತರಿಸಿ ಕೂರಿಸಿದ ಆ ಕೆಲಸವು ಪ್ರಾಚೀನ ರೋಮನ್ ಮಾದರಿಯ ಹೊಸ ಅಭಿರುಚಿಯದು. ಅವನ ಗ್ರಂಥದ ರೊಕೊಕೊ ಚಿತ್ರಗಳಿಗೂ ಅದಕ್ಕೂ ಬಹಳ ದೂರ. ಗ್ರಂಥವನ್ನು ಮಾತ್ರ ನೋಡಿದವನು ಅದನ್ನು ಚಿಪ್ಪೆಂಡೇಲನದೆಂದು ಗುರುತಿಸಲಾರನು.

ಹೆಪ್ಪಲ್‌ವೈಟನ ಸಂಗತಿ ಇನ್ನೂ ವಿಚಿತ್ರವಾದುದು. ಅವನು ೧೭೮೬ರಲ್ಲಿ ತೀರಿಕೊಂಡನು. ಅವನ ವಿಧವೆ ಆಲಿಸಳು ೧೭೮೮ರಲ್ಲಿ ಚಿತ್ರಗ್ರಂಥವನ್ನು ಪ್ರಕಟಿಸಿದಳು. ಗುರಾಣಿಯಾಕಾರದ ಬೆನ್ನಿನ ಕುರ್ಚಿಗಳಿಗೆ ಇಂದಿಗೂ ಅವನದೇ ಹೆಸರು. ಆದರೆ ಅವನ ಅಂಗಡಿಯಲ್ಲಿ ಮಾಡಿದುದೆಂದು ನಿಸ್ಸಂದೇಹವಾಗಿ ತೋರಿಸಬಹುದಾದ ಒಂದು ಕುರ್ಚಿಯೂ ಇಲ್ಲ. ೧೭೯೧ರಿಂದ ತನ್ನ ಚಿತ್ರಗ್ರಂಥವನ್ನು ಭಾಗಭಾಗವಾಗಿ ಹೊರತಂದ ಥಾಮಸ್ ಶೆರಟನನು ಬಡಗಿಯ ಕಸುಬನ್ನು ಕಲಿತವನಾದರೂ ಲಂಡನ್ನಿನಲ್ಲಿ ಚಿತ್ರಲೇಖನವನ್ನು ಕಲಿಸಿ ಜೀವಿಸುತ್ತಿದ್ದನು. ಚಿಪ್ಪೆಂಡೇಲನ ಮಾದರಿಗಳು ಹಳತಾದುವೆಂದು ಅವನು ಬರೆದನು. ಹೆಪ್ಪಲ್‌ವೈಟನ ಗ್ರಂಥಕ್ಕೂ ಆಗಲೇ ಇಳಿಗಾಲ ತಟ್ಟಿತೆಂದನು. ಅವನಾದರೂ ೧೮೦೬ರಲ್ಲಿ ಬಡತನದಲ್ಲಿಯೇ ತೀರಿಕೊಂಡನು. ಇಂಗ್ಲೆಂಡಿನ ಅರ್ಧ ಶತಮಾನದ ಮರಗೆಲಸವೆಲ್ಲವೂ ಈ ಮೂವರ ಹೆಸರುಗಳಲ್ಲಿ ಹಂಚಿಹೋಗಿದೆಯೆಂದರೆ ಅತಿಶಯೋಕ್ತಿಯಲ್ಲ.

ಫಲಕವೂ ಉಳಿದು, ಅದರಲ್ಲಿ ತೋರಿದ ವಸ್ತುವೂ ಉಳಿದ ಸಂದರ್ಭಗಳು ಅಪರೂಪ. ರೋಮಿನ ಪ್ರಸಿದ್ಧ ಚಿತ್ರಕೊರೆತಗಾರ ಪಿರಾನೇಸಿಯು ೧೭೬೯ರಲ್ಲಿ ಬೆಂಕಿಗೂಡುಗಳ ಮತ್ತು ಗೃಹೋಪಕರಣಗಳ ಅಲಂಕಾರವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಪೋಪ್ ಹದಿಮೂರನೆಯ ಕ್ಲೆಮೆಂಟನ ಸೋದರನ ಮಗ ರೆಜ್ಜೋನಿಕೋವಿಗಾಗಿ ಕಲ್ಪಿಸಿದ ಗೋಡೆಮೇಜಿನ ಚಿತ್ರವು ಅದರಲ್ಲಿದೆ. ಚಿನ್ನದ ಲೇಪವುಳ್ಳ ಆ ಜೋಡಿಮೇಜುಗಳಲ್ಲಿ ಒಂದು ಆಂಸ್ಟರ್‌ಡ್ಯಾಮಿನಲ್ಲಿಯೂ ಇನ್ನೊಂದು ಅಮೆರಿಕದ ಮಿನಿಯಾಪೊಲಿಸ್ಸಿನಲ್ಲಿಯೂ ಇವೆ. ಚಿತ್ರವನ್ನೂ ಮೇಜನ್ನೂ ಜೊತೆಯಲ್ಲಿಟ್ಟು ನೋಡಬಹುದಾದ ಇಲ್ಲಿಯೂ ಎಲ್ಲರ ಬಾಯಲ್ಲಿರುವುದು ಪಿರಾನೇಸಿಯ ಹೆಸರೇ ಹೊರತು ಕೆತ್ತಿದವನದಲ್ಲ.

೬

ಹಗುರವಾದ ಕಾಗದವು ಭಾರವಾದ ಮರಕ್ಕಿಂತ ಸುಲಭವಾಗಿ ಸಮುದ್ರವನ್ನು ದಾಟುತ್ತದೆ. ಚಿಪ್ಪೆಂಡೇಲನ ಗ್ರಂಥವು ಅಮೆರಿಕದ ಫಿಲಡೆಲ್ಫಿಯವನ್ನು ಮುಟ್ಟಿತು. ಅಲ್ಲಿಯ ಕೆತ್ತನೆಗಾರರು, ಅವರಲ್ಲಿ ಹಲವರು ವಲಸೆ ಹೋದವರೇ, ಅದರ ಮಾದರಿಗಳನ್ನು ತಮ್ಮ ರೀತಿಯಲ್ಲಿ ಮಾರ್ಪಡಿಸಿದರು. ಅತ್ತ ಪೂರ್ವಕ್ಕೆ, ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳೊಡನೆ ಇಂಗ್ಲಿಷ್ ಕುರ್ಚಿಯ ರೂಪವು ನಮ್ಮ ಪೂರ್ವತೀರಕ್ಕೆ ಬಂದಿತು. ತಂದ ವಸ್ತುಗಳನ್ನೂ ಮುದ್ರಿತ ಮಾದರಿಗಳನ್ನೂ ನೋಡಿ ವಿಶಾಖಪಟ್ಟಣದ ಕುಶಲಕರ್ಮಿಗಳು ದಂತದ ಕೆಲಸದ ಪೀಠೋಪಕರಣಗಳನ್ನು ನಿರ್ಮಿಸತೊಡಗಿದರು.

ಅವರ ಕೆಲಸದ ರೀತಿಯು ನಮ್ಮ ವಿಷಯಕ್ಕೆ ಅತ್ಯಂತ ಸಮೀಪವಾದುದು. ಮರದ ಮೇಲೆ ದಂತದ ತೆಳುಹಲಗೆಗಳನ್ನು ಹೊದಿಸಿ, ದಂತದ ಮೇಲೆ ಸೂಕ್ಷ್ಮವಾದ ಗೆರೆಗಳನ್ನು ಕೊರೆದು, ಆ ಗೆರೆಗಳಲ್ಲಿ ಕಪ್ಪು ಅರಗನ್ನು ತುಂಬುತ್ತಿದ್ದರು. ಹೂಬಳ್ಳಿಗಳ ಜೊತೆಗೆ ಯೂರೋಪಿನ ಮುದ್ರಿತ ಚಿತ್ರಗಳಿಂದ ಎತ್ತಿಕೊಂಡ ಕಟ್ಟಡಗಳ ನೋಟಗಳನ್ನೂ ಹೀಗೆಯೇ ಕೊರೆದರು. ಲಂಡನ್ನಿನ ಕೊರೆತಗಾರನು ತಾಮ್ರದ ಗೆರೆಯಲ್ಲಿ ಮಸಿಯನ್ನು ತುಂಬಿದುದು ಅದು ಕಾಗದಕ್ಕೆ ದಾಟಿಹೋಗಲೆಂದು. ವಿಶಾಖಪಟ್ಟಣದವನು ದಂತದ ಗೆರೆಯಲ್ಲಿ ಅರಗನ್ನು ತುಂಬಿದುದು ಅದು ಅಲ್ಲಿಯೇ ನಿಲ್ಲಲೆಂದು. ಒಂದೇ ಕ್ರಿಯೆ, ಎರಡು ಗುರಿಗಳು.

ಮದರಾಸಿನಲ್ಲಿ ೧೭೭೩ರಿಂದ ೧೭೭೫ರ ವರೆಗೆ ಗವರ್ನರನಾಗಿದ್ದ ಅಲೆಕ್ಸಾಂಡರ್ ವಿಂಚ್ ಎಂಬುವನ ಬಳಿ ಗಂಧದ ಮರದ ಮೇಲೆ ದಂತವನ್ನು ಹೊದಿಸಿದ ಇಂಗ್ಲಿಷ್ ಮಾದರಿಯ ಕುರ್ಚಿಗಳಿದ್ದುವು. ಮೂರನೆಯ ಜಾರ್ಜ್ ದೊರೆಯು ೧೭೮೧ರಲ್ಲಿ ಅವನ್ನು ರಾಣಿ ಷಾರ್ಲಟಳಿಗಾಗಿ ಕೊಂಡನು. ಇಂಗ್ಲೆಂಡಿನಿಂದ ಹೊರಟ ರೂಪವು ವಿಶಾಖಪಟ್ಟಣದ ಕೈಗಳಲ್ಲಿ ಹೊಸ ಜನ್ಮವನ್ನು ತಾಳಿ ಇಂಗ್ಲೆಂಡಿನ ಅರಮನೆಗೇ ಮರಳಿತು. ಕೊಂಡವರ ಹೆಸರುಗಳು, ಮಾರಾಟದ ವರ್ಷ ಎಲ್ಲವೂ ದಾಖಲೆಯಲ್ಲಿವೆ, ಮಾಡಿದವರ ಹೆಸರಿಲ್ಲ.

ಕನ್ನಡನಾಡಿಗೆ ಸಂಬಂಧಿಸಿದ ನಿದರ್ಶನವೂ ಒಂದಿದೆ. ಲಂಡನ್ನಿನಲ್ಲಿ ವಾಸ್ತುಶಿಲ್ಪಿ ಜಾನ್ ಸೋನನ ವಸ್ತುಸಂಗ್ರಹಾಲಯದಲ್ಲಿರುವ ದಂತದ ಪೀಠೋಪಕರಣಗಳು ಶ್ರೀರಂಗಪಟ್ಟಣದಲ್ಲಿ ಟಿಪ್ಪೂಸುಲ್ತಾನನ ಅರಮನೆಯಲ್ಲಿದ್ದುವೆಂಬ ಪ್ರತೀತಿ ಬಹುಕಾಲ ನಡೆದುಬಂದಿತು. ಅವು ಬಂಗಾಳದ ಮುರ್ಷಿದಾಬಾದಿನ ಕೆಲಸವೆಂಬುದು ಈಗಿನ ವಿದ್ವಾಂಸರ ಅಭಿಪ್ರಾಯ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಟಿಪ್ಪುವಿನ ಹೆಸರಿಗೆ ಇಂಗ್ಲೆಂಡಿನಲ್ಲಿ ವಿಶೇಷವಾದ ಆಕರ್ಷಣೆಯಿದ್ದಿತು. ಆ ಹೆಸರು ಅಂಟಿಕೊಂಡ ವಸ್ತುವಿನ ಬೆಲೆಯೂ ಏರುತ್ತಿದ್ದಿತು. ಚಿಪ್ಪೆಂಡೇಲನ ಹೆಸರು ಅಲ್ಲಿ ಮಾಡಿದ ಕೆಲಸವನ್ನೇ ಟಿಪ್ಪುವಿನ ಹೆಸರು ಇಲ್ಲಿ ಮಾಡಿತು. ನಮ್ಮ ನಾಡಿಗೆ ಕೀರ್ತಿ ತರುವ ಪ್ರತೀತಿಯೆಂದು ಅದನ್ನು ನಾವು ಪರೀಕ್ಷಿಸದೆ ಒಪ್ಪಿದರೆ ಮುರ್ಷಿದಾಬಾದಿನ ಅಜ್ಞಾತ ಕುಶಲಕರ್ಮಿಗಳಿಗೆ ಅನ್ಯಾಯವೆಸಗಿದಂತಾಗುತ್ತದೆ.

೭

ಇಷ್ಟರಿಂದ ಈ ಮುದ್ರಣಗಳು ನಿರುಪಯುಕ್ತವೆಂಬ ನಿರ್ಣಯಕ್ಕೆ ಬರಬೇಕಾಗಿಲ್ಲ. ಒಂದು ಕಾಲವು ಏನನ್ನು ಬಯಸಿತು, ಯಾವುದನ್ನು ಹೊಸದೆಂದು ಭಾವಿಸಿತು, ಒಂದು ಅಲಂಕಾರವು ಯಾವ ದಾರಿಯಲ್ಲಿ ಯಾವ ದೇಶಕ್ಕೆ ಹೋಯಿತು ಎಂಬುದನ್ನು ಅವುಗಳಷ್ಟು ಚೆನ್ನಾಗಿ ತಿಳಿಸುವ ಸಾಧನ ಮತ್ತೊಂದಿಲ್ಲ. ಆದರೆ ಅವು ಬಯಕೆಯ ಸಾಕ್ಷಿಗಳೇ ಹೊರತು ನಿರ್ಮಾಣದ ಸಾಕ್ಷಿಗಳಲ್ಲ. ನಿರ್ಮಾಣಕ್ಕೆ ಸಾಕ್ಷಿ ಬೇಕಾದರೆ ಲೆಕ್ಕದ ಪುಸ್ತಕವನ್ನು ನೋಡಬೇಕು. ಮರದ ಕೀಲನ್ನೂ ಉಳಿಯ ಗುರುತನ್ನೂ ಪರೀಕ್ಷಿಸಬೇಕು. ಬೆಂಕಿ ಬಿದ್ದ ವಾರ್ತೆಯಲ್ಲಿ ಎಣಿಸಲ್ಪಟ್ಟ ಪೆಟ್ಟಿಗೆಗಳನ್ನೂ ಗಣನೆಗೆ ತಂದುಕೊಳ್ಳಬೇಕು.

ಮುಂಬಯಿ, ಮದರಾಸು, ಹೈದರಾಬಾದು, ದೆಹಲಿಗಳಲ್ಲಿ ನೆಲಸಿರುವ ನಮಗೆ ವಸ್ತುಸಂಗ್ರಹಾಲಯಗಳೂ ಹಳೆಯ ಬಂಗಲೆಗಳೂ ಅಪರಿಚಿತವಲ್ಲ. ಅಲ್ಲಿ ಇಂಗ್ಲಿಷ್ ಮಾದರಿಯ ಹಳೆಯ ಕುರ್ಚಿಯೊಂದರ ಮುಂದೆ ನಿಂತಾಗ ಅದರ ಚೀಟಿಯಲ್ಲಿ ಯಾರೋ ಒಬ್ಬ ಪ್ರಸಿದ್ಧನ ಹೆಸರಿದ್ದೇ ಇರುತ್ತದೆ. ಆ ಹೆಸರನ್ನು ಓದಿ ಮುಂದೆ ಸಾಗದೆ, ಮುಂಗಾಲುಗಳೆರಡನ್ನೂ ಒಮ್ಮೆ ನೋಡುವುದು ಒಳ್ಳೆಯದು. ಅವೆರಡೂ ಒಂದೇ ಸಮನಾಗಿವೆ. ಕಾಗದದಲ್ಲಿ ಎರಡಾಗಿದ್ದುದನ್ನು ಒಂದೆಂದು ತೀರ್ಮಾನಿಸಿದವನು ಯಾರೋ ಒಬ್ಬನಿದ್ದನು. ಇತಿಹಾಸವು ಹುಡುಕಬೇಕಾದುದು ಅವನನ್ನು.